ಸುತ್ತು

ತಸ್ಲೀಮಾಗೆ ಹಳೆಯದೇ ಇಷ್ಟ.
ಅದರಲ್ಲಿ ಹುಡುಗ ನಗುವುದೇ ಇಲ್ಲ.
ಊರ ಸ್ನಾನದಮನೆಯ ಒಲೆಗೆ ಸೌದೆ ತುರುಕುತ್ತಿದ್ದವನು
ಒಂದು ಸಂಜೆ ಗ್ಲೌಸು ತೊಟ್ಟ, ಅಷ್ಟೇ ಕಥೆ.
ಬಣ್ಣಗಳೂ ಬಡವು: ಬೂದಿ, ಕಂದು,
ಅಲ್ಲಲ್ಲಿ ಒಣಗಿದ ರಕ್ತ.
ಏಟು ಬಿದ್ದಾಗ ಸಂಗೀತ ಕೂಡ ಬಾಯಿ ಮುಚ್ಚುತ್ತದೆ.
ಬಾಯ್ಲರಿನ ಪಕ್ಕ ಬೆಳೆದವಳು ಅವಳು,
ಆ ಒಲೆಯ ಕಾವು ಅವಳಿಗೆ ಫೋನಿನಿಂದಲೇ ಮುಟ್ಟುತ್ತದಂತೆ.

ನನಗೆ ಹೊಸದು.
ನನ್ನವನು ಕ್ಷೌರದಂಗಡಿಯ ಹುಡುಗ,
ಗುದ್ದುವ ಮುಂಚೆ ತಲೆಬಾಗಿ
ಗುದ್ದಿದ ಮೇಲೆ ಕ್ಷಮಿಸಿ ಎನ್ನುವವನು,
ಸೋತವನಿಗೆ ಪುಕ್ಕಟೆ ಕಟಿಂಗ್ ಮಾಡಿ ಕಳಿಸುವವನು.
ಅವನ ಆಕಾಶ ಯಾವಾಗಲೂ ನೀಲಿ ಹಾಕಿ ಒಗೆದ ಹಾಗೆ.
ಮುಷ್ಟಿ ಭುಜ ಬಿಟ್ಟು ದವಡೆ ಮುಟ್ಟುವಷ್ಟರಲ್ಲಿ
ಅವನ ಶಾಲೆಯ ಮೊದಲ ದಿನ, ಸತ್ತ ನಾಯಿ,
ಅಜ್ಜಿಯ ಉಪ್ಪಿನಕಾಯಿ ಜಾಡಿ
ಎಲ್ಲ ಬಂದು ಹೋಗಬೇಕು.
‘ಅಷ್ಟರಲ್ಲಿ ನಾನು ಒಂದು ಬುಟ್ಟಿ ಗೂಡು ಬೇಯಿಸಿ ಬರ್ತೀನಿ’
ಎಂದು ತಸ್ಲೀಮಾ ಏಳುತ್ತಾಳೆ. ನಿಜವಾಗಿಯೂ ಏಳುತ್ತಾಳೆ.

ಅವಳ ತಮ್ಮ ಇರ್ಫಾನನದು ಮೂರನೆಯದು.
ಅದರ ಹೀರೋ ಪುಕ್ಕಲ, ಗಂಟೆ ಬಾರಿಸಿದರೆ ಸೀನು ಬರುತ್ತದೆ,
ಸೀನಿದ ರಭಸಕ್ಕೆ ಎದುರಾಳಿ ಬೀಳುತ್ತಾನೆ.
ಅದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೂರರಲ್ಲೂ ಹುಡುಗಿಯರು ಟವೆಲು ಹಿಡಿದು ಮೂಲೆಯಲ್ಲಿ.
ಇದನ್ನು ಮೊದಲು ಅಂದವಳು ಅವಳೇ,
ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕುತ್ತಾ,
ತಲೆ ಎತ್ತದೆ.

ಮಾರನೇ ವಾರ ಜಂತೆಗೆ ಗೋಣಿಚೀಲ ಕಟ್ಟಿದೆವು,
ಎಳೆ ಬಿಡದ ಗೂಡುಗಳನ್ನೆಲ್ಲ ತುಂಬಿ.
ಗುದ್ದಿದಾಗಲೆಲ್ಲ ಸತ್ತ ಹುಳದ ವಾಸನೆ.
ಬೆಳಗ್ಗೆ ಗೌಡನಕೆರೆ ಏರಿಯ ಮೇಲೆ ಓಟ.
ಕಾಲೇಜಿನ ಪಿಳ್ಳಪ್ಪ ಮೇಷ್ಟ್ರು ಯಾವ ಸೀರೀಸೂ ನೋಡಿದವರಲ್ಲ,
‘ಕಾಲು, ಕಾಲು’ ಅನ್ನುತ್ತಿದ್ದರು, ಬೇರೆ ಮಾತಿಲ್ಲ.
ಅಂಗೈಗೆ ಪಟ್ಟಿ ಸುತ್ತುವುದು ತೋರಿಸಿಕೊಟ್ಟರು.
ಶಿಡ್ಲಘಟ್ಟದವರಿಗೆ ಸುತ್ತುವುದು, ಬಿಚ್ಚುವುದು
ಯಾರಾದರೂ ಕಲಿಸಬೇಕೇ?

ಚಿಕ್ಕಬಳ್ಳಾಪುರ. ಜಿಲ್ಲಾ ಮಟ್ಟ.
ನಲವತ್ತೆಂಟು ಕೇಜಿ ಹುಡುಗಿಯರ ಪಟ್ಟಿಯಲ್ಲಿ
ಎರಡೇ ಹೆಸರು:
ತಸ್ಲೀಮಾ ಬಾನು. ಮುನಿಲಕ್ಷ್ಮಿ ಎಂ.
ಮೇಷ್ಟ್ರು ಪಟ್ಟಿಯನ್ನು ತಿರುಗಿಸಿ ಹಿಂದುಗಡೆಯೂ ನೋಡಿದರು.

ಹೆಡ್‌ಗಾರ್ಡಿನಲ್ಲಿ ಹೋದ ವರ್ಷದವರ ತಲೆಯೆಣ್ಣೆ.
ಮೂರು ಸುತ್ತು, ಸುತ್ತಿಗೆ ಎರಡು ನಿಮಿಷ.
ಮೊದಲ ಏಟು ನನ್ನದೇ, ಅವಳ ಮೂಗಿಗೆ.
ಕ್ಷಮಿಸಿ ಅನ್ನಲಿಲ್ಲ.
ಬಾಯ್ತುಂಬ ಗಾರ್ಡು ಇತ್ತು, ಅನ್ನಲು ಆಗುತ್ತಲೂ ಇರಲಿಲ್ಲ.
ಬಾಲ್ಯ ನೆನಪಾಗಲಿಲ್ಲ.
ನೆನಪಾದದ್ದು ಆವತ್ತಿನ ಗೂಡಿನ ರೇಟು, ಯಾಕೋ.
ಅವಳ ಎಡಗೈ ಬಂತು.
ಅದು ಬರುತ್ತದೆಂದು ನನಗೆ ಗೊತ್ತಿತ್ತು.
ದಿನಾ ಆ ಕೈ ನೋಡುತ್ತೇನೆ,
ನೀರಲ್ಲಿ ನೆನೆದು ಬೆಳ್ಳಗಾದ, ತುದಿಯಲ್ಲಿ ಸಿಪ್ಪೆ ಎದ್ದ ಕೈ.
ಗೊತ್ತಿದ್ದೂ ಬಿತ್ತು.
ಯಾವ ಚಿತ್ರದಲ್ಲೂ ತೋರಿಸದ ಒಂದು ಸಂಗತಿ:
ಮುಖಕ್ಕೆ ಬಿದ್ದ ಏಟಿಗೆ ಮೊದಲು ಅಳು ಬರುತ್ತದೆ, ನೋವು ಆಮೇಲೆ.
ಅಳು ಕೂಡ ಅಲ್ಲ, ಬರಿಯ ನೀರು.

ಗೆದ್ದವಳು ಅವಳು.
ರೆಫ್ರಿ ಕೈ ಎತ್ತಿದಾಗ ನಗಲಿಲ್ಲ,
ಆ ಹುಡುಗನನ್ನು ನೆನೆಸಿಕೊಂಡೋ
ಅಥವಾ ಮೂಗು ಉರಿಯುತ್ತಿತ್ತೋ.

ಸಂಜೆ ಬಸ್ಸಿನಲ್ಲಿ ಪಟ್ಟಿಯ ಕೊನೆ ಹುಡುಕಿ
ನನ್ನದನ್ನೂ ಅವಳೇ ಬಿಚ್ಚಿದಳು, ಒಂದೂ ಗಂಟು ಬೀಳದಂತೆ.
ಫೋನಿನಲ್ಲಿ ಹನ್ನೊಂದು ಪರ್ಸೆಂಟ್ ಚಾರ್ಜು.
ಯಾವುದು ಹಾಕಲಿ ಅಂದಳು.
ನಿಂದೇ ಹಾಕು, ಗೆದ್ದಿದ್ದೀಯ, ಅಂದೆ.
ಸ್ವಲ್ಪ ಹೊತ್ತು ಕಿಟಕಿ ನೋಡಿದಳು.
ಬೇಡ ಕಣೇ,
ಇವತ್ತು ಆ ಸೀನೋನು ಇರಲಿ.

ನಕ್ಕಾಗೆಲ್ಲ ತುಟಿ ಉರಿಯುತ್ತಿತ್ತು.
ಶಿಡ್ಲಘಟ್ಟ ಬರುವವರೆಗೂ ಉರಿಯಿತು.